ಕಾರಿನ ಯಾವ ಕಿಟಕಿ ತೆರೆಯಬೇಕು?

ಪ್ರಶ್ನೆ: ಕೋವಿಡ್‌ನಂಥ ಸೋಂಕು ಹರಡಿರುವಾಗ ಮನೆಮಂದಿಯೆಲ್ಲ ಕಾರಿನಲ್ಲಿ ಊರಿಗೆ ಹೋಗಬೇಕಾದರೆ ಕಿಟಕಿ ತೆರೆಯಬೇಕೇ, ಎ.ಸಿ. ಸಾಕೇ?

ಉತ್ತರ: ಕಿಟಕಿಯೇ ಮೇಲು. ಸೋಂಕಿತರು ಮಾತಾಡಿದಾಗ, ಉಸಿರು ಬಿಟ್ಟಾಗ ಹೊರಬೀಳುವ ಅತಿ ಸಣ್ಣ ಹನಿಗಳು ಮುಚ್ಚಿದ ಕಾರಿನಲ್ಲಿ ತೇಲುತ್ತಲೇ ಇರುತ್ತವೆ. ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸುವ ಗುಂಡಿ ಒತ್ತಿದರಂತೂ ಅವು ದಟ್ಟವಾಗುತ್ತ ಹೋಗುತ್ತವೆ. ಎ.ಸಿ. ಬೇಕೇ ಬೇಕೆಂದಾದರೆ ಹೊರಗಾಳಿ ಒಳಬರುವಂತೆ ಇಡಿ.

ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ, ಗಂಟೆಗೆ ಸುಮಾರು 80 ಕಿ.ಮೀ. ವೇಗದ ಕಾರಿನೊಳಗೆ ಗಾಳಿ ಹರಿಯುವ ಬಗೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ನಾಲ್ಕೂ ಕಿಟಕಿ ತೆರೆದರೆ ಅಪಾಯ ಅತಿ ಕಡಿಮೆ ಎಂದು ಕಂಡಿತು. ನನಗೆ ಬಹಳ ಹಿಡಿಸಿದ್ದು ಇನ್ನೊಂದು ಫಲಿತಾಂಶ: ಚಾಲಕರ ಜೊತೆ ಒಬ್ಬರೇ ಇದ್ದು ಎರಡೇ ಕಿಟಕಿ ತೆರೆಯುವುದಾದರೆ, ತಮ್ಮ ಪಕ್ಕದವಕ್ಕಿಂತ ಎದುರು ಬದಿಯವು ಒಳ್ಳೆಯದು. ನಮ್ಮ ಕಾರುಗಳಲ್ಲಿ ಚಾಲಕರು ಮುಂದೆ ಬಲಕ್ಕೆ, ಇನ್ನೊಬ್ಬರು ಹಿಂದೆ ಎಡಕ್ಕೆ ಕೂತರೆ, ಮುಂದಿನ ಎಡ ಮತ್ತು ಹಿಂದಿನ ಬಲ ಕಿಟಕಿ ತೆರೆಯಬೇಕು. ಹಿಂದಿನಿಂದ ನುಗ್ಗಿ ಮುಂದಿನಿಂದ ಹೊರಡುವ ಗಾಳಿ ಇಬ್ಬರ ನಡುವೆ ತೆರೆಯಂತೆ ನಿಲ್ಲುತ್ತದೆ.

ಒಂದೇ ಮನೆಯವರಿಗೆ ಪ್ರಯಾಣದಿಂದ ಹೆಚ್ಚಾಗುವ ಅಪಾಯ ಕಡಿಮೆ. ಬೇರೆ ಮನೆಯವರು ಜೊತೆಯಾದರೆ ಎಲ್ಲರೂ ಮಾಸ್ಕ್ ಧರಿಸಲೇಬೇಕು. ದಾರಿಯಲ್ಲಿ ಕಿಕ್ಕಿರಿದ ಹೋಟೆಲಿಗೆ ಹೋಗುವ ಬದಲು ಬುತ್ತಿ ಒಯ್ದು ಮರದ ನೆರಳಲ್ಲಿ ಉಣ್ಣಿ.

ಹೊರಡುವ ಮುನ್ನ ಒಬ್ಬರಿಗೆ ಜ್ವರ, ಕೆಮ್ಮು ಕಂಡರೂ ಪ್ರಯಾಣ ಮುಂದೂಡಿ. ಊರಿನಲ್ಲಿ ಕಾದಿರುವ ಅಜ್ಜ, ಅಜ್ಜಿಯರಿಗೆ ಈ ಸೋಂಕು ಹೆಚ್ಚು ಅಪಾಯಕಾರಿ.