ಎಳೆಯರಿಗೂ ಬಡಿಯುವ ಪಾರ್ಶ್ವವಾಯು

ಪಾರ್ಶ್ವವಾಯು ಇಳಿವಯಸ್ಸಿನ ಕಾಯಿಲೆಯೆಂದೇ ನಾವು ತಿಳಿದಿದ್ದೇವೆ. ಆದರೆ ಐದಾರು ವರ್ಷದ ಮಗುವಿನ ಬಾಯಿ ಒಮ್ಮೆಲೇ ಸೊಟ್ಟಗಾಗಿ, ಒಂದು ಬದಿಯ ಕೈಕಾಲು ಸ್ವಾಧೀನ ತಪ್ಪುವುದೂ ಉಂಟು. ಇದಕ್ಕೊಂದು ಕಾರಣ ವಂಶಪಾರಂಪರ್ಯವಾಗಿ ಬರುವ ಸಿಕಲ್‌ಸೆಲ್ ರಕ್ತರೋಗ. ಮಲೆಯಾಳದಲ್ಲಿ ‘ಅರಿವಾಳ್ ರೋಗಂ’ ಎನ್ನುವುದು ಇದನ್ನೇ. ಅರಿವಾಳ್ ಎಂದರೆ ನಮ್ಮ ಕುಡುಗೋಲು. ಕೆಂಪು ರಕ್ತಕಣಗಳು ಅದೇ ಆಕಾರಕ್ಕೆ ಬಾಗುತ್ತವೆ, ಮಿದುಳಿನ ರಕ್ತನಾಳಗಳು ಬರಬರುತ್ತ ಕಿರಿದಾಗುತ್ತವೆ.

ದೂರದ ಆಫ್ರಿಕದ ರೋಗವೆಂದು ತಳ್ಳಿಹಾಕುವಂತಿಲ್ಲ. ಭಾರತದಲ್ಲಿ ಇದರ ಮೊದಲ ವರದಿ 1952ರಲ್ಲಿ ಬಂದುದು ನೀಲಗಿರಿಯಿಂದ. ವಯನಾಡಿನ ಪಣಿಯ, ಕುರುಮ, ಚೆಟ್ಟಿ ಸಮುದಾಯಗಳಲ್ಲೂ ಇದೆ.

ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ಈ ಜೀನು ಬಂದರೆ ಮಗು ಬರಿಯ ವಾಹಕ, ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತದೆ. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ರೋಗದ ಸಂಭವ ನಾಲ್ಕರಲ್ಲಿ ಒಂದು. ಮದುವೆಗೆ ಮುನ್ನ ಜಾತಕ ತಿರುವಿಹಾಕುವ ನಾವು ರಕ್ತಪರೀಕ್ಷೆಗೆ ಏಕೆ ಹಿಂಜರಿಯುತ್ತೇವೋ!

ರೋಗವಿದ್ದ ಮಗುವಿಗೆ ಪಾರ್ಶ್ವವಾಯು ಹತ್ತಿರವಿದೆಯೇ ಎಂಬುದನ್ನು ಮುಂಚೆಯೇ ಅರಿಯಬಹುದು. ಕಣತಲೆಗೆ ಡಾಪ್ಲರ್ ಉಪಕರಣ ಹಿಡಿದು ಮಿದುಳಿನ ನಾಳದಲ್ಲಿ ರಕ್ತ ಹರಿಯುವ ವೇಗ ಅಳೆಯುತ್ತಾರೆ, ನೋವಿಲ್ಲ, ಸೂಜಿಯಿಲ್ಲ. ವೇಗ ಮಿತಿಮೀರಿದ್ದ 130 ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆಸಿದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಸುಮಾರು ಅರ್ಧದಷ್ಟು ಮಕ್ಕಳಿಗೆ ಕಾಲಕಾಲಕ್ಕೆ ರಕ್ತ ಕೊಡಲಾಗಿತ್ತು. ಅವರಲ್ಲಿ ಪಾರ್ಶ್ವವಾಯು ಬಡಿದದ್ದು ಒಬ್ಬರಿಗೆ. ಉಳಿದವರಲ್ಲಿ 11 ಮಂದಿಗೆ.

2023ರ ಜುಲೈಯಲ್ಲಿ ಕೇಂದ್ರ ಸರಕಾರ 40 ವರ್ಷದವರೆಗಿನ 7 ಕೋಟಿ ಜನರ ತಪಾಸಣೆಯ ಯೋಜನೆ ಆರಂಭಿಸಿತು. ಮನೆಯಲ್ಲಿ ಈ ರೋಗವಿರುವ ಮಗುವಿದ್ದರೆ, 2 ವರ್ಷ ತುಂಬಿದ ಮೇಲೆ ಡಾಪ್ಲರ್ ಪರೀಕ್ಷೆಯ ಕುರಿತು ವೈದ್ಯರಲ್ಲಿ ಕೇಳಬೇಕು.