ಲೆಕ್ಕದ ಪೀರಿಯಡ್‌ನಲ್ಲಿ ಬಯಲಿಗೆ ಹೋದರೆ ಪಾಠ ಹಾಳಾಗುತ್ತದೆಯೇ?



ವಾರದ ಸಭೆಯಲ್ಲಿ ಉಳಿತಾಯ ಕಟ್ಟಿ, ಸಾಲದ ಲೆಕ್ಕ ಬರೆದು ಮುಗಿದ ಮೇಲೆ ಮಾತು ಮಕ್ಕಳ ಓದಿನ ಕಡೆಗೆ ತಿರುಗುವುದು ನಮಗೆಲ್ಲ ಗೊತ್ತೇ ಇದೆ. ಹಾಗೆ ಒಂದು ಸಭೆಯಲ್ಲಿ ತಾಯಿಯೊಬ್ಬರು ಸಿಟ್ಟಿನಿಂದಲೇ ಹೇಳಿದರು: "ನನ್ನ ಮಗಳು ಹತ್ತನೇ ಕ್ಲಾಸು. ಲೆಕ್ಕದ ಪೀರಿಯಡ್‌ನಲ್ಲಿ ಮೇಷ್ಟ್ರು ಎಲ್ಲರನ್ನೂ ಬಯಲಿಗೆ ಕರ್ಕೊಂಡು ಹೋಗಿ ಧ್ವಜದ ಕಂಬದ ನೆರಳು ಅಳೆಸಿದ್ರಂತೆ. ಪರೀಕ್ಷೆ ಹತ್ರ ಬರ್ತಾ ಇದೆ. ಇದು ಪಾಠನಾ, ಆಟನಾ?" ಪಕ್ಕದಲ್ಲಿ ಕೂತಿದ್ದವರೂ ಹೌದು ಅಂತ ತಲೆ ಆಡಿಸಿದರು.

ಆ ತಾಯಿಯ ಆತಂಕ ಸಣ್ಣದಲ್ಲ. ಸಂಘದಿಂದ ಸಾಲ ತೆಗೆದು ಟ್ಯೂಷನ್ ಫೀಸು ಕಟ್ಟಿದವರು ನಮ್ಮಲ್ಲೇ ಇದ್ದಾರೆ. ಎಸ್.ಎಸ್.ಎಲ್.ಸಿ.ಯಲ್ಲಿ ಮಗಳು ಫೇಲಾದರೆ ಮುಂದೆ ಓದಿಸುವ ಮಾತನ್ನೇ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಆದರೂ ಆ ದಿನ ಬಯಲಿನಲ್ಲಿ ನಡೆದದ್ದು ಪಾಠವೇ ಎಂದು ನಾವು ಹೇಳಬೇಕಾಯಿತು.

ನೀವೇ ಮಾಡಿ ನೋಡಬಹುದು. ಬಿಸಿಲಿರುವಾಗ ಎರಡು ಅಡಿಯ ಕೋಲನ್ನು ನೆಟ್ಟಗೆ ನಿಲ್ಲಿಸಿ ಅದರ ನೆರಳು ಅಳೆಯಿರಿ. ಒಂದೂವರೆ ಅಡಿ ಬಂತು ಅಂದುಕೊಳ್ಳೋಣ. ಅದೇ ಹೊತ್ತಿಗೆ ಸಮತಟ್ಟು ಜಾಗದಲ್ಲಿರುವ ತೆಂಗಿನ ಮರದ ನೆರಳು ಅಳೆದರೆ 30 ಅಡಿ ಬಂತು. ಹಾಗಾದರೆ ಮರದ ಎತ್ತರ 40 ಅಡಿ. ಮರ ಹತ್ತುವ ಕೆಲಸವಿಲ್ಲ. ಹತ್ತನೇ ತರಗತಿಯ ಸಮರೂಪ ತ್ರಿಭುಜದ ಪಾಠ ಎಂದರೆ ಇದೇ. ಬೋರ್ಡಿನ ಮೇಲೆ ಎರಡು ತ್ರಿಕೋನ ಬರೆದು ಹೇಳಿದಾಗ ತಲೆಗೆ ಹೋಗದ್ದು, ಟೇಪು ಹಿಡಿದು ಓಡಾಡಿದ ಮಗುವಿಗೆ ಬೇಗ ಹಿಡಿಸುತ್ತದೆ.

ಹೈಸ್ಕೂಲಿನ ಬೇರೆ ಪಾಠಗಳನ್ನೂ ಹೀಗೆ ಮಾಡಬಹುದು. ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ಚಲನೆಯ ಪಾಠವಿದೆ. ಹತ್ತು ಹತ್ತು ಮೀಟರ್‌ಗೆ ಒಬ್ಬರಂತೆ ಮಕ್ಕಳನ್ನು ನಿಲ್ಲಿಸಿ, ಒಬ್ಬಳು ನಡೆದು ಹೋಗುವುದು, ಇನ್ನೊಬ್ಬಳು ಓಡುವುದು, ಉಳಿದವರು ಗಡಿಯಾರ ನೋಡಿ ಬರೆದುಕೊಳ್ಳುವುದು. ಆಮೇಲೆ ಒಳಗೆ ಬಂದು ಆ ಅಂಕಿಗಳಿಂದಲೇ ನಕ್ಷೆ ಎಳೆಯುತ್ತಾರೆ. ಓಡಿದವಳ ಗೆರೆ ಯಾಕೆ ಹೆಚ್ಚು ಕಡಿದಾಗಿದೆ ಎಂದು ಯಾರೂ ಬಾಯಿಪಾಠ ಮಾಡಬೇಕಾಗಿಲ್ಲ.

ರಕ್ತ ಪರಿಚಲನೆಯ ಪಾಠ ನಮಗೆ ತುಂಬಾ ಇಷ್ಟವಾದದ್ದು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಹೃದಯದ ನಾಲ್ಕು ಕೋಣೆ, ಒಂದು ಕಡೆ ಶ್ವಾಸಕೋಶ, ಇನ್ನೊಂದು ಕಡೆ ಮೈ ಎಂದು ಬರೆಯುತ್ತಾರೆ. ಮಕ್ಕಳೇ ರಕ್ತ. ಕೈಯಲ್ಲಿ ನೀಲಿ ಚೀಟಿ ಹಿಡಿದು ಬಲಗಡೆಯ ಕೋಣೆಗಳನ್ನು ದಾಟಿ ಶ್ವಾಸಕೋಶಕ್ಕೆ ಹೋಗಬೇಕು. ಅಲ್ಲಿ ಅದನ್ನು ಕೊಟ್ಟು ಕೆಂಪು ಚೀಟಿ ತೆಗೆದುಕೊಂಡು ಎಡಗಡೆಯ ಕೋಣೆಗಳಿಂದ ಮೈಗೆ ಬರಬೇಕು. ದಾರಿ ತಪ್ಪಿದವರನ್ನು ನೋಡಿ ಉಳಿದವರು ನಗುತ್ತಾರೆ, ಅಷ್ಟರಲ್ಲಿ ದಾರಿ ಎಲ್ಲರಿಗೂ ನೆನಪಿರುತ್ತದೆ. ಮುಗಿದ ಮೇಲೆ ತಮ್ಮ ತಮ್ಮ ನಾಡಿ ಹಿಡಿದು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿದರೆ ಹೃದಯ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತಿದೆ ಎಂದೂ ತಿಳಿಯುತ್ತದೆ.

ಬಯಲೇ ಇಲ್ಲದ ಶಾಲೆಯಲ್ಲಿ? 1857, 1885, 1930, 1942, 1947 ಎಂದು ಬರೆದ ಚೀಟಿ ಹಂಚಿ, ಮಾತಾಡದೆ ಕ್ರಮವಾಗಿ ಸಾಲು ನಿಲ್ಲಿ ಅಂದರೂ ಸಾಕು. ಹೇಳಿದ್ದು ಸರಿಯಾದರೆ ಎದ್ದು ನಿಲ್ಲಿ, ತಪ್ಪಾದರೆ ಕೂತ್ಕೊಳ್ಳಿ ಎಂದು ಪ್ರಶ್ನೆ ಕೇಳಬಹುದು. ನಮ್ಮ ಕಾಲದಲ್ಲಿ ತರಗತಿಯೊಳಗೆ ಮೈ ಆಡಿಸುವುದು ಅಂದರೆ ಬಸ್ಕಿ ಹೊಡೆಯುವುದು, ಬೆಂಚಿನ ಮೇಲೆ ನಿಲ್ಲುವುದು ಇಷ್ಟೇ ಆಗಿತ್ತು! ಶಿಕ್ಷೆಯೂ ಇದೂ ಒಂದಲ್ಲ.

ಇಷ್ಟೆಲ್ಲ ಯಾಕೆ ಬೇಕು ಅಂತ ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವಂಥ ಚಟುವಟಿಕೆ ಬೇಕು. ಅದೇ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಪಂಚದ 11ರಿಂದ 17 ವರ್ಷದ ಹುಡುಗರಲ್ಲಿ ನೂರಕ್ಕೆ 78, ಹುಡುಗಿಯರಲ್ಲಿ ನೂರಕ್ಕೆ 85 ಮಂದಿಗೆ ಅಷ್ಟು ಇಲ್ಲ ಎಂದು ಕಂಡುಬಂತು. ಹುಡುಗಿಯರೇ ಹಿಂದೆ ಬಿದ್ದದ್ದು ಯಾಕೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೈನೆರೆದ ಮೇಲೆ "ಇನ್ನು ಕುಣಿದಾಡಬೇಡ" ಅನ್ನುವವರು ನಾವೇ. ಅವಳು ನೀರು ಹೊರುತ್ತಾಳಲ್ಲ, ಗುಡಿಸುತ್ತಾಳಲ್ಲ ಅನ್ನುತ್ತೇವೆ. ಅದೂ ಮೈಗೆ ಕೆಲಸವೇ, ಆದರೆ ಆಟದ ಬಯಲಿನಲ್ಲಿ ತಾನೂ ಒಬ್ಬಳು ಎಂಬ ಧೈರ್ಯ ಅದರಿಂದ ಬರುವುದಿಲ್ಲ. ಆಟಕ್ಕೆ ಕಳಿಸದ ಮನೆಯವರೂ ಪಾಠಕ್ಕೆ ಬೇಡ ಅನ್ನುವುದಿಲ್ಲ, ನೋಡಿ. ಆದ್ದರಿಂದ ಚಟುವಟಿಕೆ ಪಾಠದೊಳಗೇ ಬಂದರೆ ಇಂಥ ಹುಡುಗಿಯರಿಗೇ ಹೆಚ್ಚು ಲಾಭ.

ಓದಿಗೆ ನಷ್ಟವಿಲ್ಲವೇ? ಈ ಬಗೆಯ ಪಾಠಗಳ ಮೇಲೆ ನಡೆದ ಸಂಶೋಧನೆಗಳು ಹೆಚ್ಚಾಗಿ ಸಣ್ಣ ತರಗತಿಗಳವು, ಹೈಸ್ಕೂಲಿನವು ಕಡಿಮೆ. ಅವುಗಳಿಂದ ಒಟ್ಟಾರೆ ತಿಳಿದುಬರುವುದು, ಓಡಾಡಿ ಬಂದ ಮಕ್ಕಳು ಪಾಠಕ್ಕೆ ಹೆಚ್ಚು ಗಮನ ಕೊಡುತ್ತಾರೆ, ಕಲಿಕೆಗೆ ಹೊಡೆತ ಬೀಳುವುದಿಲ್ಲ ಎಂದು. ಇದರಿಂದ ರ‍್ಯಾಂಕ್ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಆಟವನ್ನು ಪಾಠದೊಂದಿಗೆ ಸೇರಿಸುವ ಮಾತಿದೆ.

ಒಂದು ಎಚ್ಚರಿಕೆ. ಲೆಕ್ಕದಲ್ಲೇ ಓಡಾಡಿಸುತ್ತೇವಲ್ಲ ಎಂದು ಪಿ.ಟಿ. ಪೀರಿಯಡ್ ಕಿತ್ತುಕೊಂಡರೆ ಒಪ್ಪಬೇಡಿ. ನೆರಳು ಅಳೆದ ಹತ್ತು ನಿಮಿಷ ಕಬಡ್ಡಿಗೆ ಸಮವಲ್ಲ.

ನಮ್ಮ ಕಡೆಯ ಕೆಲಸವೂ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ. ಇಂಥ ಮಗು ತಿಂಡಿ ತಿನ್ನದೆ ಹೋಗಿ ಬಿಸಿಲಲ್ಲಿ ನಿಂತರೆ ತಲೆ ಸುತ್ತದೆ ಇರುತ್ತದೆಯೇ? ಬೆಳಿಗ್ಗೆ ಹೊಟ್ಟೆಗೆ ಹಾಕಿ ಕಳಿಸಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆ ನುಂಗಿದಳಾ ಅಂತ ವಿಚಾರಿಸಿ. ಮುಟ್ಟಿನ ದಿನ ಆಗದಿದ್ದರೆ ಗಡಿಯಾರ ಹಿಡಿದು ಬರೆದುಕೊಳ್ಳುವ ಕೆಲಸ ಕೊಡಿ ಎಂದು ಟೀಚರಿಗೆ ಹೇಳಲಿ, ಅದೂ ಪಾಠವೇ.

ಮುಂದಿನ ಪೋಷಕರ ಸಭೆಯಲ್ಲಿ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಿ ಎದ್ದು ಬರಬೇಡಿ. ವಾರದಲ್ಲಿ ಎಷ್ಟು ಪಾಠ ಹೀಗೆ ನಡೆಯುತ್ತದೆ, ಹುಡುಗಿಯರು ಬರೀ ನಿಂತು ನೋಡುತ್ತಾರಾ, ಅವರೂ ಟೇಪು ಹಿಡಿಯುತ್ತಾರಾ ಅಂತ ಕೇಳಿ. ಸಾಮಾನು ಇಲ್ಲ ಎಂದರೆ, ಬೇಕಾಗುವುದು ಒಂದು ಉದ್ದನೆಯ ಟೇಪು, ಹಗ್ಗ, ಸೀಮೆಸುಣ್ಣ ಮಾತ್ರ. ಅಷ್ಟನ್ನು ಸಂಘದ ಲಾಭದಿಂದ ಕೊಡಿಸಬಹುದೇ ಎಂದು ನಿಮ್ಮ ಸಭೆಯಲ್ಲಿ ಚರ್ಚಿಸಿ, ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.