ಗಣಕಯಂತ್ರದ ಬಾಗಿಲುಗಳು: ಎಪಿಐ ಪಟ್ಟಿಯನ್ನು ತಿಳಿಯುವ ಬಗೆ



ಪಾಲಕ್ಕೋಡಾಗಲಿ ಹರೂರಾಗಲಿ, ಕಬ್ಬಿನ ಗಾಡಿ ಕಾರ್ಖಾನೆಯೊಳಗೆ ಬರಬೇಕಾದರೆ ಗೇಟಿನಲ್ಲಿ ಚೀಟಿ ತೋರಿಸಬೇಕು, ಪುಸ್ತಕದಲ್ಲಿ ನಮೂದಾಗಬೇಕು. ಗಣಕಯಂತ್ರಗಳಿಗೂ ಇಂಥ ಬಾಗಿಲುಗಳಿವೆ. ಒಂದು ಗಣಕಯಂತ್ರ ಇನ್ನೊಂದರಿಂದ ವಿವರ ಕೇಳಿ ಪಡೆಯುವ ಬಾಗಿಲಿಗೆ ‘ಎಪಿಐ’ ಎನ್ನುತ್ತಾರೆ. ತಾವು ಫೋನಿನಲ್ಲಿ ಬ್ಯಾಂಕಿನ ಲೆಕ್ಕ ನೋಡುವುದು, ಗೊಬ್ಬರದ ಅಂಗಡಿಗೆ ಯುಪಿಐ ಮೂಲಕ ಹಣ ಕೊಡುವುದು ಇಂಥ ಬಾಗಿಲುಗಳಿಂದಲೇ.

ಬಾಗಿಲು ಭದ್ರವಿಲ್ಲದಿದ್ದರೆ?

2022ರಲ್ಲಿ ಪಿಎಂ-ಕಿಸಾನ್ ಜಾಲತಾಣದ ಒಂದು ಭಾಗದಿಂದ ರೈತರ ಆಧಾರ್ ಸಂಖ್ಯೆಗಳು ಹೊರಗೆ ಸಿಗುತ್ತಿದ್ದುದನ್ನು ಭದ್ರತಾ ಸಂಶೋಧಕರೊಬ್ಬರು ಕಂಡು ತಿಳಿಸಿದರು. ಬಳಿಕ ಅದನ್ನು ಸರಿಪಡಿಸಲಾಯಿತು. ವರ್ಷಕ್ಕೆ 6,000 ರೂಪಾಯಿಯ ನೆರವಿಗಾಗಿ ಹೆಸರು ಬರೆಸಿದ ನಮ್ಮಂಥ ರೈತರ ವಿವರವೇ ಅದು.

ಪಟ್ಟಿಯಲ್ಲಿ ಏನಿರಬೇಕು?

ಎಷ್ಟು ಬಾಗಿಲುಗಳಿವೆಯೆಂದು ತಿಳಿಯದೆ ಕಾವಲು ಹಾಕಲಾಗದು. ಆದ್ದರಿಂದ ದಾಸ್ತಾನು ಪುಸ್ತಕದಂತೆ ಎಪಿಐಗಳಿಗೂ ಒಂದು ಪಟ್ಟಿ ಬೇಕು. ಪ್ರತಿಯೊಂದರ ಎದುರಿಗೆ ಅದರ ಕೆಲಸವೇನು, ಹೊಣೆ ಯಾರದು, ಯಾವ ವಿವರ ಸಾಗುತ್ತದೆ, ಹೊರಗಿನವರಿಗೆ ತೆರೆದಿದೆಯೇ, ಬಂದವರ ಗುರುತು ಕೇಳುತ್ತದೆಯೇ, ಕೊನೆಯದಾಗಿ ಯಾವಾಗ ಬಳಕೆಯಾಯಿತು ಎಂಬುದನ್ನು ಬರೆದಿರಬೇಕು.

ಅಪಾಯದ ಮಟ್ಟ

1. ಕಡಿಮೆ: ಸಕ್ಕರೆ ಧಾರಣೆ, ಮಳೆಯ ಅಳತೆ ಮುಂತಾದ ಎಲ್ಲರಿಗೂ ತಿಳಿಯಬಹುದಾದ ವಿವರ ಮಾತ್ರ ಕೊಡುವುದು.

2. ಮಧ್ಯಮ: ಸದಸ್ಯರ ಹೆಸರು, ಕಬ್ಬಿನ ವಿಸ್ತೀರ್ಣ ಕೊಡುವುದು, ಆದರೆ ಕಚೇರಿಯೊಳಗೆ ಮಾತ್ರ ಬಳಕೆ, ಗುರುತನ್ನೂ ಕೇಳುತ್ತದೆ.

3. ಹೆಚ್ಚು: ಆಧಾರ್, ಬ್ಯಾಂಕ್ ಖಾತೆಯ ವಿವರ ಸಾಗುವುದು, ಹೊರಗೂ ತೆರೆದಿದ್ದು ಗುರುತನ್ನು ಸರಿಯಾಗಿ ಕೇಳದು. ಇದನ್ನು ಮೊದಲು ಸರಿಪಡಿಸಬೇಕು.

ಗುರುತು ಕೇಳಿದರಷ್ಟೇ ಸಾಲದು. ಒಬ್ಬರು 1204ನೆಯ ಸದಸ್ಯರಾಗಿ ಒಳಹೋಗಿ, ಸಂಖ್ಯೆಯನ್ನು 1205 ಎಂದು ಬದಲಿಸಿದೊಡನೆ ನೆರೆಯವರ ಲೆಕ್ಕ ಕಂಡರೆ ಅದು ದೊಡ್ಡ ದೋಷ. ‘ಓವಾಸ್ಪ್’ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಹತ್ತು ಎಪಿಐ ಅಪಾಯಗಳಲ್ಲಿ ಇದೇ ಮೊದಲನೆಯದು. ಪಟ್ಟಿಯನ್ನು ಸರಿಯಾಗಿ ಇಡದಿರುವುದು ಒಂಬತ್ತನೆಯದು. ಹೊಸ ಎಪಿಐ ಬಂದ ಮೇಲೆ ಹಳೆಯದನ್ನು ಮರೆತರೆ ಅದು ಕಾವಲಿಲ್ಲದ ಹಿತ್ತಲ ಬಾಗಿಲಾಗುತ್ತದೆ. ಬಳಕೆಯಿಲ್ಲದ್ದನ್ನು ಮುಚ್ಚಿಸಬೇಕು.

ಸದಸ್ಯರು ಮಾಡಬೇಕಾದುದು

ಆಧಾರ್ ಪ್ರತಿ ಕೇಳಿದಲ್ಲಿ, ಕೊನೆಯ 4 ಅಂಕಿ ಮಾತ್ರ ಕಾಣುವ ಪ್ರತಿ ಸಾಕೇ ಎಂದು ವಿಚಾರಿಸಿರಿ. ಓಟಿಪಿಯನ್ನು ಯಾರಿಗೂ ಹೇಳಬೇಡಿರಿ. ಖಾತೆಯ ಹಣ ಮೋಸದಿಂದ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿರಿ.

ಸರ್ವ ಸದಸ್ಯರ ಸಭೆಯಲ್ಲಿ ತೂಕದ ಲೆಕ್ಕ, ಬಾಕಿ ಹಣದ ಲೆಕ್ಕ ಕೇಳುವಂತೆಯೇ “ನಮ್ಮ ವಿವರ ಯಾವ ಯಾವ ಬಾಗಿಲಿನಿಂದ ಹೊರಗೆ ಹೋಗುತ್ತದೆ? ಅದರ ಪಟ್ಟಿ ಇದೆಯೇ?” ಎಂದೂ ಕೇಳಿರಿ. ಕಬ್ಬು ನಮ್ಮದಾದಂತೆ ಅದರ ಲೆಕ್ಕದ ಕಾವಲೂ ನಮ್ಮದೇ.